ವಿಮಾ ಕಂಪನಿಯ ಪರ ನಿಲ್ಲುವ ವಕೀಲರು: ಅವರ ಕೆಲಸವೇನು, ನಮ್ಮ ಮನೆಗಳು ತಿಳಿದಿರಬೇಕಾದದ್ದೇನು

ಕಾನೂನು ಓದಿದ ಮಗಳಿಗೋ ಮಗನಿಗೋ ವಿಮಾ ಕಂಪನಿಗಳ ಕೇಸು ನಡೆಸುವ ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಸೇರುವ ಅವಕಾಶ ಬಂತೆಂದರೆ, ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ಸಂಪಾದನೆಯದ್ದಲ್ಲ. "ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಎದುರು ನಿಂತು, ಅವಳಿಗೆ ಬರುವ ದುಡ್ಡು ಕಡಿಮೆ ಮಾಡಿಸುವ ಕೆಲಸ ನಮಗೆ ಬೇಕಾ?" ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಆ ವಕೀಲರು ನಿಜವಾಗಿ ಏನು ಮಾಡುತ್ತಾರೆ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಇನ್ನೊಂದು ಕಾರಣಕ್ಕೂ ಇದನ್ನು ತಿಳಿಯಬೇಕು. ನಮ್ಮಲ್ಲಿ ಅಂಗಡಿ, ಗೋದಾಮು, ಗೂಡ್ಸ್ ವಾಹನ ಇಟ್ಟುಕೊಂಡವರು ಬಹಳ. ಇಂದಲ್ಲ ನಾಳೆ ಯಾವುದಾದರೂ ಕ್ಲೇಮಿನಲ್ಲಿ ನಾವು ಈ ವಕೀಲರ ಎದುರು ನಿಲ್ಲಬೇಕಾಗಬಹುದು, ಇಲ್ಲವೇ ಅವರ ಪಕ್ಕದಲ್ಲೇ ನಿಲ್ಲಬೇಕಾಗಬಹುದು. ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಅಂಗಡಿಯಲ್ಲಿ ಕುಳಿತವನು. ಸಮಾಜದ ಸೇವಾ ಕೆಲಸದ ನಿಮಿತ್ತ ಕ್ಲೇಮಿನ ಕಾಗದಪತ್ರಗಳನ್ನು ನೋಡುತ್ತ ತಿಳಿದುಕೊಂಡದ್ದನ್ನು ಒಬ್ಬ ವ್ಯಾಪಾರಿಯ ಭಾಷೆಯಲ್ಲಿ ಹೇಳುತ್ತೇನೆ.

ಯಾರ ಹೊಣೆ, ಯಾರ ದುಡ್ಡು

ವಾಹನ ಡಿಕ್ಕಿ ಹೊಡೆದು ಯಾರಾದರೂ ತೀರಿಕೊಂಡರೆ ಅಥವಾ ಗಾಯಗೊಂಡರೆ, ಪರಿಹಾರ ಕೊಡುವ ಹೊಣೆ ಮೊದಲಿಗೆ ತಪ್ಪು ಮಾಡಿದ ಚಾಲಕನದ್ದು ಮತ್ತು ವಾಹನದ ಮಾಲೀಕನದ್ದು. ಆ ಹೊಣೆಯನ್ನು ಮಾಲೀಕನ ಪರವಾಗಿ ಹೊರುತ್ತೇನೆ ಎಂದು ಪ್ರೀಮಿಯಂ ಪಡೆದು ಒಪ್ಪಿಕೊಂಡಿರುವುದು ವಿಮಾ ಕಂಪನಿ. ಇದೇ ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಇಲ್ಲದೆ ವಾಹನ ರಸ್ತೆಗೆ ಇಳಿಸುವಂತಿಲ್ಲ.

ಆದ್ದರಿಂದ ಪರಿಹಾರದ ಅರ್ಜಿಯಲ್ಲಿ ಮಾಲೀಕ, ಚಾಲಕ ಮತ್ತು ವಿಮಾ ಕಂಪನಿ ಎಲ್ಲರೂ ಎದುರುದಾರರಾಗಿರುತ್ತಾರೆ. ಕಂಪನಿಯ ಪರವಾಗಿ ಬರುವವರೇ ಪ್ಯಾನೆಲ್ ವಕೀಲರು. ಇವರು ಕಂಪನಿಯ ನೌಕರರಲ್ಲ. ಕಂಪನಿ ತಯಾರಿಸಿಕೊಂಡ ವಕೀಲರ ಪಟ್ಟಿಯಲ್ಲಿ ಇವರ ಹೆಸರು ಇರುತ್ತದೆ, ಕೇಸು ಬಂದಂತೆ ಫೈಲು ಇವರಿಗೆ ಬರುತ್ತದೆ.

ಕಂಪನಿಯ ದುಡ್ಡು ಆಕಾಶದಿಂದ ಬಿದ್ದದ್ದಲ್ಲ. ನಿಮ್ಮ ಸ್ಕೂಟರಿನ ಪ್ರೀಮಿಯಂ, ನನ್ನ ಗೋದಾಮಿನ ಪ್ರೀಮಿಯಂ, ಊರಿನ ಆಟೋದವರ ಪ್ರೀಮಿಯಂ ಎಲ್ಲ ಸೇರಿದ ಒಟ್ಟು ಗಂಟು ಅದು. ಆ ಗಂಟಿನಿಂದ ನ್ಯಾಯವಾಗಿ ಕೊಡಬೇಕಾದವರಿಗೆ ಪೂರ್ತಿ ಕೊಡಬೇಕು, ಸಲ್ಲದವರಿಗೆ ಹೋಗಬಾರದು. ಈ ಎರಡನ್ನೂ ನೋಡಿಕೊಳ್ಳುವುದೇ ವಿಮಾ ವಕೀಲರ ಕೆಲಸದ ತಿರುಳು. ಮೊದಲನೆಯದನ್ನು ಮರೆತು ಎರಡನೆಯದನ್ನೇ ಹಿಡಿದುಕೊಂಡವರು ಕೆಟ್ಟ ಹೆಸರು ತರುತ್ತಾರೆ.

ಫೈಲು ಬಂದ ದಿನದಿಂದ ತೀರ್ಪಿನವರೆಗೆ

ಅಪಘಾತದ ಕೇಸುಗಳು ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ಕೆಲಸ ಮಾಡುತ್ತಾರೆ. ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ ಜಿಲ್ಲಾ ನ್ಯಾಯಾಧೀಶರು ಹಾಗೂ ಹಿರಿಯ ಸಿವಿಲ್ ನ್ಯಾಯಾಧೀಶರು ನೋಡುತ್ತಾರೆ. ಅಲ್ಲಿಂದ ಮೇಲ್ಮನವಿ ಹೈಕೋರ್ಟಿಗೆ, ಅಂದರೆ ಬೆಂಗಳೂರಿಗೆ ಇಲ್ಲವೇ ಧಾರವಾಡ, ಕಲಬುರಗಿ ಪೀಠಗಳಿಗೆ ಹೋಗುತ್ತದೆ.

ಫೈಲು ಕೈಗೆ ಬಂದ ಮೇಲೆ ವಕೀಲರು ವಕಾಲತ್ತು ಹಾಕುತ್ತಾರೆ. ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ ಎಂದು ಮೊದಲು ನೋಡುತ್ತಾರೆ. ನಂತರ ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣೆಯ ವರದಿ, ದೋಷಾರೋಪ ಪಟ್ಟಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಇವನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಓದುತ್ತಾರೆ. ಎಫ್‌ಐಆರ್‌ನಲ್ಲಿ ಬರೆದ ವಾಹನದ ನಂಬರು ದೋಷಾರೋಪ ಪಟ್ಟಿಯಲ್ಲಿ ಬದಲಾಗಿದೆಯೇ? ಆಸ್ಪತ್ರೆಗೆ ಸೇರಿದಾಗ "ಬೈಕಿನಿಂದ ತಾನೇ ಬಿದ್ದದ್ದು" ಎಂದು ಬರೆಸಿ, ಒಂದು ವಾರದ ನಂತರ "ಕಾರು ಡಿಕ್ಕಿ" ಎಂದು ದೂರು ಕೊಟ್ಟಿದ್ದಾರೆಯೇ? ಚಾಲಕನ ಲೈಸೆನ್ಸ್ ಅಂದು ಜೀವಂತವಿತ್ತೇ? ಇವು ಅವರು ಕೇಳಿಕೊಳ್ಳುವ ಪ್ರಶ್ನೆಗಳು.

ಆಮೇಲೆ ಲಿಖಿತ ಆಕ್ಷೇಪಣೆ ಸಲ್ಲಿಸುತ್ತಾರೆ. ಇಲ್ಲೊಂದು ಮಿತಿ ಇದೆ. ವಿಮಾ ಕಂಪನಿ ತನ್ನ ಹೊಣೆಯಿಂದ ತಪ್ಪಿಸಿಕೊಳ್ಳಲು ಮನಸ್ಸಿಗೆ ಬಂದ ಕಾರಣ ಹೇಳುವಂತಿಲ್ಲ. ಯಾವ ಯಾವ ಕಾರಣ ಹೇಳಬಹುದು ಎಂಬುದನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಮೊದಲು ಇದು 149ನೇ ಕಲಮಿನಲ್ಲಿತ್ತು, 2019ರ ತಿದ್ದುಪಡಿಯ ನಂತರ 150ನೇ ಕಲಮಿನಲ್ಲಿದೆ. ಲೈಸೆನ್ಸ್ ಇಲ್ಲದ ಚಾಲಕ, ಪರ್ಮಿಟ್ ಇಲ್ಲದ ಬಾಡಿಗೆ ವಾಹನ, ಕುಡಿದು ಚಾಲನೆ, ಪ್ರೀಮಿಯಂ ಸಂದಾಯವಾಗದಿರುವುದು ಇಂಥವು ಆ ಪಟ್ಟಿಯಲ್ಲಿವೆ. ಮಾಲೀಕ ನ್ಯಾಯಾಲಯಕ್ಕೇ ಬಾರದೆ ಹೋದರೆ ಅಥವಾ ಅರ್ಜಿದಾರರ ಜೊತೆ ಒಳಗೊಳಗೇ ಕೈಜೋಡಿಸಿದರೆ ಮಾತ್ರ, 170ನೇ ಕಲಮಿನ ಅನುಮತಿ ಪಡೆದು ಕಂಪನಿ ಮಾಲೀಕನ ಎಲ್ಲ ವಾದಗಳನ್ನೂ ತಾನೇ ಹೂಡಬಹುದು.

ತೀರ್ಪು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಹಣ ಕಟ್ಟಬೇಕೇ, ಮೇಲ್ಮನವಿ ಹೋಗಬೇಕೇ ಎಂದು ವಕೀಲರು ಕಂಪನಿಗೆ ಲಿಖಿತ ಅಭಿಪ್ರಾಯ ಕೊಡಬೇಕು. ಮೇಲ್ಮನವಿಗೆ 90 ದಿನದ ಅವಧಿ. ನನ್ನ ದೃಷ್ಟಿಯಲ್ಲಿ ಒಬ್ಬ ವಿಮಾ ವಕೀಲರ ಗುಣ ಗೊತ್ತಾಗುವುದು ಈ ಅಭಿಪ್ರಾಯದಲ್ಲೇ. "ತೀರ್ಪು ಸರಿಯಿದೆ, ಕಟ್ಟಿಬಿಡಿ" ಎಂದು ತನ್ನ ಕಕ್ಷಿದಾರನಿಗೇ ಬರೆದು ಕೊಡಲು ಧೈರ್ಯ ಬೇಕು.

ಪಾಟಿ ಸವಾಲಿನ ಹಿಂದಿರುವ ಲೆಕ್ಕ

"ನಿಮ್ಮ ಯಜಮಾನರಿಗೆ ತಿಂಗಳಿಗೆ ಇಷ್ಟು ಆದಾಯ ಇತ್ತು ಎನ್ನುವುದಕ್ಕೆ ದಾಖಲೆ ಏನಿದೆ?" ಕೋರ್ಟಿನಲ್ಲಿ ಈ ಪ್ರಶ್ನೆ ಕೇಳಿ ಅವಮಾನ ಆಯಿತೆಂದು ಅಳುತ್ತ ಹೊರಬಂದವರಿದ್ದಾರೆ. ಆದರೆ ಪ್ರಶ್ನೆ ಯಾಕೆ ಬರುತ್ತದೆ ಎಂದು ಗೊತ್ತಿದ್ದರೆ ಅದರ ಮುಳ್ಳು ಕಡಿಮೆಯಾಗುತ್ತದೆ.

ಮರಣದ ಪರಿಹಾರಕ್ಕೆ ಸುಪ್ರೀಂ ಕೋರ್ಟು ಒಂದು ಲೆಕ್ಕ ಹಾಕಿಕೊಟ್ಟಿದೆ. 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಐವರು ನ್ಯಾಯಮೂರ್ತಿಗಳ ಪ್ರಣಯ್ ಸೇಥಿ ತೀರ್ಪು, ಇವೆರಡೂ ಪ್ರತಿ ವಿಮಾ ವಕೀಲರ ಬಾಯಲ್ಲಿರುತ್ತವೆ. ಲೆಕ್ಕ ಹೀಗೆ.

ಒಬ್ಬ ವ್ಯಾಪಾರಿ, ವಯಸ್ಸು 38. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಒಟ್ಟು ನಾಲ್ವರು ಅವಲಂಬಿತರು. ಆದಾಯ ತೆರಿಗೆ ರಿಟರ್ನಿನಲ್ಲಿ ವರ್ಷಕ್ಕೆ 3,60,000 ರೂಪಾಯಿ ತೋರಿಸಿದ್ದಾರೆ ಎನ್ನಿ. ಸ್ವಂತ ಉದ್ಯೋಗ, ವಯಸ್ಸು 40ಕ್ಕಿಂತ ಕಡಿಮೆ. ಆದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇ. 40 ಸೇರಿಸಬೇಕು. ಆಗ 5,04,000 ಆಗುತ್ತದೆ. ಬದುಕಿದ್ದರೆ ಅವರು ಸ್ವಂತಕ್ಕೂ ಖರ್ಚು ಮಾಡುತ್ತಿದ್ದರಲ್ಲ, ಅದಕ್ಕೆ ಕಾಲು ಭಾಗ ಕಳೆಯಬೇಕು. ಉಳಿಯುವುದು 3,78,000. 36ರಿಂದ 40 ವಯಸ್ಸಿನವರಿಗೆ ಗುಣಕ 15. ಗುಣಿಸಿದರೆ 56,70,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು ಮುಂತಾದ ಕೆಲವು ನಿಗದಿತ ಮೊತ್ತಗಳು ಇದರ ಮೇಲೆ ಸೇರುತ್ತವೆ.

ಅದೇ ವ್ಯಾಪಾರಿ ರಿಟರ್ನ್ ಹಾಕಿಲ್ಲ, ಬ್ಯಾಂಕಿನಲ್ಲಿ ವಹಿವಾಟಿಲ್ಲ, ಲೆಕ್ಕದ ಪುಸ್ತಕವಿಲ್ಲ ಎನ್ನಿ. ಆಗ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ತಿಂಗಳಿಗೆ 15,000 ಹಿಡಿದರೆ, ಇದೇ ಲೆಕ್ಕದಲ್ಲಿ ಬರುವುದು 28,35,000. ಸರಿಯಾಗಿ ಅರ್ಧ. ಮನೆಯವರ ದುಃಖ ಅಷ್ಟೇ, ಮಕ್ಕಳ ಹಸಿವು ಅಷ್ಟೇ. ವ್ಯತ್ಯಾಸ ಬಂದದ್ದು ಕಾಗದದಲ್ಲಿ. "ತೆರಿಗೆ ಉಳಿಯಿತು" ಎಂದು ವರ್ಷ ವರ್ಷ ಆದಾಯ ಮುಚ್ಚಿಡುವ ನಮ್ಮ ವ್ಯಾಪಾರಿ ಬಂಧುಗಳು ಈ ಎರಡು ಮೊತ್ತಗಳನ್ನು ಒಮ್ಮೆ ನೋಡಬೇಕು.

ವಯಸ್ಸಿನ ಪ್ರಶ್ನೆಯೂ ಹೀಗೆಯೇ. ಅದೇ ಮನುಷ್ಯನ ವಯಸ್ಸು 38 ಅಲ್ಲ, 41 ಎಂದು ತೀರ್ಮಾನವಾದರೆ ಶೇ. 40ರ ಬದಲು ಶೇ. 25 ಸೇರಿಸುತ್ತಾರೆ, ಗುಣಕ 14ಕ್ಕೆ ಇಳಿಯುತ್ತದೆ. ಮೊತ್ತ 47,25,000 ಆಗುತ್ತದೆ. ಮೂರು ವರ್ಷದ ವ್ಯತ್ಯಾಸಕ್ಕೆ 9,45,000 ರೂಪಾಯಿ. ಆಧಾರ್ ಕಾರ್ಡಿನ ಜನ್ಮದಿನಾಂಕವೂ ಶಾಲೆಯ ದಾಖಲೆಯೂ ಬೇರೆ ಬೇರೆ ಇರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಇಂಥ ಒಂದು ಅಪಘಾತ ಪ್ರಕರಣದಲ್ಲೇ 2024ರಲ್ಲಿ ಸುಪ್ರೀಂ ಕೋರ್ಟು, ಆಧಾರ್ ಗುರುತಿನ ದಾಖಲೆ, ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಹೇಳಿ ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಒಪ್ಪಿತು. ಶಾಲೆಯ ಪ್ರಮಾಣಪತ್ರ ಜೋಪಾನವಾಗಿರಲಿ.

ಗಾಯದ ಕೇಸಿನಲ್ಲಿ ಜಗಳ ನಡೆಯುವುದು ಅಂಗವೈಕಲ್ಯದ ಶೇಕಡಾವಾರಿನ ಮೇಲೆ. ಕಾಲಿಗೆ ಶೇ. 40 ವೈಕಲ್ಯ ಎಂದು ವೈದ್ಯರು ಬರೆದರೆ ಆದಾಯವೂ ಶೇ. 40 ಹೋಯಿತು ಎಂದು ಅರ್ಥವಲ್ಲ. ಆ ಗಾಯದಿಂದ ಆ ಮನುಷ್ಯನ ದುಡಿಮೆ ಎಷ್ಟು ಕುಂದಿತು ಎಂಬುದನ್ನು ನೋಡಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಕೈಬೆರಳು ಹೋದರೆ ದರ್ಜಿಗೆ ಆಗುವ ನಷ್ಟ ಬೇರೆ, ಗಲ್ಲಾ ಮೇಲೆ ಕೂರುವವನಿಗೆ ಆಗುವ ನಷ್ಟ ಬೇರೆ. ವಿಮಾ ವಕೀಲರು ವೈದ್ಯರನ್ನು ಪಾಟಿ ಸವಾಲು ಮಾಡುವುದು ಇದಕ್ಕಾಗಿ. ಹಾಗಾಗಿ ಮೂಳೆ, ನರ, ಶಸ್ತ್ರಚಿಕಿತ್ಸೆಗಳ ಬಗ್ಗೆ ಓದದೆ ಈ ವೃತ್ತಿಯಲ್ಲಿ ಮುಂದೆ ಬರಲಾಗದು.

ಅಪಘಾತದಲ್ಲಿ ಸತ್ತವರದ್ದೂ ಪಾಲು ತಪ್ಪಿತ್ತು ಎನ್ನುವುದು ಮತ್ತೊಂದು ವಾದ. ಆದರೆ ಬೈಕಿನಲ್ಲಿ ಮೂವರು ಕುಳಿತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕತ್ತರಿಸಲಾಗದು, ಆ ತಪ್ಪಿಗೂ ಅಪಘಾತಕ್ಕೂ ಸಂಬಂಧ ಇರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರು ವಾದ ಮಾಡಬಹುದು, ಆದರೆ ಅದನ್ನು ನ್ಯಾಯಾಲಯ ಒಪ್ಪಲೇಬೇಕೆಂದಿಲ್ಲ.

ವಾಹನ ಇಟ್ಟುಕೊಂಡ ವ್ಯಾಪಾರಿಗಳಿಗೆ

ಇಲ್ಲಿಯವರೆಗೆ ನೊಂದವರ ಕಡೆಯಿಂದ ನೋಡಿದೆವು. ಈಗ ವಾಹನ ನಮ್ಮದೇ ಎಂದುಕೊಳ್ಳಿ. ಕಂಪನಿಯ ವಕೀಲರು ನಮ್ಮ ಪರವೇ ಇದ್ದಾರೆ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಪಾಲಿಸಿಯ ಷರತ್ತು ನಾವು ಮುರಿದಿದ್ದರೆ ಅವರು ಅದನ್ನೇ ಎತ್ತಿ ತೋರಿಸುತ್ತಾರೆ.

ಆಗ ನ್ಯಾಯಮಂಡಳಿ ಅನೇಕ ಬಾರಿ ಹೀಗೆ ಆದೇಶಿಸುತ್ತದೆ: ಮೊದಲು ಕಂಪನಿ ನೊಂದವರಿಗೆ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ಈ ಪದ್ಧತಿ ಗಟ್ಟಿಯಾಯಿತು. ಮಾಲೀಕ ಜಾಗರೂಕತೆ ವಹಿಸದೆ ಷರತ್ತು ಮುರಿದ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದ್ದು ಎಂದೂ ಅದೇ ತೀರ್ಪು ಹೇಳಿದೆ. ಸಾಬೀತಾದರೆ ಮಾತ್ರ ವಸೂಲಿ ನಮ್ಮ ಮನೆ, ಅಂಗಡಿ, ಹೊಲದ ಮೇಲೆ ಬರುತ್ತದೆ.

ಆದ್ದರಿಂದ ಚಾಲಕನನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಅವನ ಲೈಸೆನ್ಸ್ ಪರಿಶೀಲಿಸಿ, ಪ್ರತಿ ಇಟ್ಟುಕೊಳ್ಳಿ, ಅವಧಿ ಮುಗಿಯುವ ದಿನ ಬರೆದಿಡಿ. ಲಘು ವಾಹನದ ಲೈಸೆನ್ಸ್ ಇರುವವನು ಸಣ್ಣ ಗೂಡ್ಸ್ ವಾಹನ ಓಡಿಸಬಹುದೇ ಎಂಬ ವಿವಾದ ಬಹಳ ವರ್ಷ ನಡೆಯಿತು. ಒಟ್ಟು ತೂಕ 7,500 ಕಿಲೋ ಒಳಗಿನ ವಾಹನವಾದರೆ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು.

ಇನ್ನೊಂದು ಮಾತನ್ನು ವಿಶೇಷವಾಗಿ ನಮ್ಮವರಿಗೆ ಹೇಳಬೇಕು. ಯಾತ್ರೆಗೆ, ಪಂಚಕಲ್ಯಾಣಕ್ಕೆ, ಮದುವೆಗೆ ಎಂದು ಗೂಡ್ಸ್ ಟೆಂಪೋದಲ್ಲಿ, ಲಾರಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಇನ್ನೂ ನಿಂತಿಲ್ಲ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು ಇಪ್ಪತ್ತು ವರ್ಷಕ್ಕೂ ಹಿಂದೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದ ವಿಷಯ. ಪುಣ್ಯದ ಕೆಲಸಕ್ಕೆ ವಾಹನ ಕೊಟ್ಟ ಮಾಲೀಕನ ತಲೆಯ ಮೇಲೇ ಹೊರೆ ಬೀಳುತ್ತದೆ.

ಎರವಲು ಪಡೆದ ಬೈಕಿನ ವಿಷಯವೂ ತಿಳಿದಿರಲಿ. ನಮ್ಮ ಇಳಕಲ್ಲಿನ ಕಡೆ ಒಬ್ಬರು ಬೇರೆಯವರ ಬೈಕು ತೆಗೆದುಕೊಂಡು ಹೋಗುವಾಗ ಎತ್ತಿನ ಗಾಡಿಗೆ ತಾಗಿ ತೀರಿಕೊಂಡರು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಅಂದಿನ 163ಎ ಕಲಮಿನಡಿ ಆ ಬೈಕಿನ ಕಂಪನಿಯಿಂದ ಕೇಳಲಾಗದು ಎಂದು 2009ರಲ್ಲಿ ತೀರ್ಪಾಯಿತು. ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆಯ ಬಗ್ಗೆ ಪಾಲಿಸಿ ತೆಗೆಯುವಾಗಲೇ ಕೇಳಿ ತಿಳಿದುಕೊಳ್ಳಿ.

ಅಂಗಡಿ, ಗೋದಾಮು, ಆರೋಗ್ಯ

ವಿಮಾ ವಕೀಲರ ಕೆಲಸ ಅಪಘಾತದ ಕೇಸಿಗೆ ಮುಗಿಯುವುದಿಲ್ಲ. ಗ್ರಾಹಕರ ಆಯೋಗಗಳಲ್ಲಿ ಬೆಂಕಿ, ಕಳ್ಳತನ, ಆರೋಗ್ಯ, ಜೀವವಿಮೆಯ ಕ್ಲೇಮುಗಳಲ್ಲೂ ಕಂಪನಿಯ ಪರ ಅವರೇ ನಿಲ್ಲುತ್ತಾರೆ.

ಗೋದಾಮಿನಲ್ಲಿ 20 ಲಕ್ಷದ ಮಾಲು ಇದ್ದು, ಪ್ರೀಮಿಯಂ ಉಳಿಸಲು 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಎನ್ನಿ. ಬೆಂಕಿಯಲ್ಲಿ 5 ಲಕ್ಷದ ಮಾಲು ಹೋಯಿತು. 10 ಲಕ್ಷದ ಪಾಲಿಸಿ ಇದೆಯಲ್ಲ, 5 ಲಕ್ಷ ಪೂರ್ತಿ ಬರುತ್ತದೆ ಎಂದುಕೊಳ್ಳುತ್ತೇವೆ. ಬರುವುದು ಎರಡೂವರೆ ಲಕ್ಷ. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದರಿಂದ ನಷ್ಟದಲ್ಲೂ ಅರ್ಧ ನಮ್ಮದೇ ಎಂಬ ಷರತ್ತು ಬೆಂಕಿ ಪಾಲಿಸಿಯಲ್ಲಿ ಇರುತ್ತದೆ. ಸರ್ವೇಯರ್ ಬಂದು ಮೊದಲು ಕೇಳುವುದು ಸ್ಟಾಕ್ ರಿಜಿಸ್ಟರ್, ಖರೀದಿ ಬಿಲ್ಲು, ಜಿಎಸ್‌ಟಿ ರಿಟರ್ನು. ಆ ಲೆಕ್ಕ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿಗೆ ಹೊಂದದಿದ್ದರೆ ವಕೀಲರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಕಳ್ಳತನದ ಪಾಲಿಸಿಯಲ್ಲಿ ಒಂದು ಪದದ ಮೇಲೆ ಕೇಸು ನಿಲ್ಲುತ್ತದೆ. ಬಲ ಪ್ರಯೋಗಿಸಿ ಒಳನುಗ್ಗಿದ ಗುರುತು ಇರಬೇಕು ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಬೀಗ ಮುರಿಯದೆ ನಡೆದ ಕಳವಿಗೆ ಹಣ ಬರುವುದಿಲ್ಲ. ಗೋದಾಮಿನ ಕಳವಿನ ಪ್ರಕರಣವೊಂದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಹೀಗೇ ಹೇಳಿ ಕಂಪನಿಯ ಪರ ತೀರ್ಪು ಕೊಟ್ಟಿತು. ಪಾಲಿಸಿ ಕೈಗೆ ಬಂದ ದಿನ ಓದಬೇಕು ಎನ್ನುವುದು ಇದಕ್ಕೇ.

ಆರೋಗ್ಯ ಮತ್ತು ಜೀವವಿಮೆಯಲ್ಲಿ ವಕೀಲರು ಹುಡುಕುವುದು ಪ್ರಸ್ತಾವನೆ ಫಾರಂನಲ್ಲಿ ಮುಚ್ಚಿಟ್ಟ ಕಾಯಿಲೆಯನ್ನು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದೂ "ಇಲ್ಲ" ಎಂದು ಏಜೆಂಟರು ಗುರುತು ಹಾಕಿ, ನಾವು ಓದದೆ ಸಹಿ ಮಾಡಿದ ಫಾರಂ ಮುಂದೆ ನಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಆದರೆ ಕಂಪನಿಗೂ ಕಾಲಮಿತಿ ಇದೆ. 1938ರ ವಿಮಾ ಕಾಯ್ದೆಯ 45ನೇ ಕಲಮಿನಂತೆ ಜೀವವಿಮಾ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಪ್ರಶ್ನಿಸುವಂತಿಲ್ಲ. ಆರೋಗ್ಯ ವಿಮೆಯಲ್ಲಿ ಸತತ ಐದು ವರ್ಷ ಕಳೆದ ಮೇಲೆ, ವಂಚನೆ ಸಾಬೀತಾದ ಸಂದರ್ಭ ಬಿಟ್ಟು, ಕಾಯಿಲೆ ಹೇಳಲಿಲ್ಲ ಎಂದು ಕ್ಲೇಮು ತಳ್ಳುವಂತಿಲ್ಲ.

ಕ್ಲೇಮು ತಿರಸ್ಕರಿಸಿ ಕಂಪನಿ ಬರೆದ ಪತ್ರವನ್ನು ಸಿಟ್ಟಿನಲ್ಲಿ ಹರಿಯಬೇಡಿ. ಆ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ನ್ಯಾಯಾಲಯದಲ್ಲಿ ಹೇಳುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಕೈಯಲ್ಲಿರುವ ಬಲವಾದ ದಾಖಲೆ ಅದೇ.

ಧರ್ಮಸಂಕಟ ಎಲ್ಲಿದೆ

ಈಗ ಮೊದಲ ಪ್ರಶ್ನೆಗೆ ಬರೋಣ. ಇದು ಮಾಡಬಾರದ ಕೆಲಸವೇ?

ದಾಖಲೆ ಕೇಳುವುದು ತಪ್ಪಲ್ಲ. ಲೆಕ್ಕ ಕೇಳುವವನನ್ನು ವ್ಯಾಪಾರಿ ಶತ್ರು ಎಂದು ತಿಳಿಯುವುದಿಲ್ಲ. ಸುಳ್ಳು ಕ್ಲೇಮು ತಡೆಯುವುದಂತೂ ಒಳ್ಳೆಯ ಕೆಲಸವೇ. ಅಪಘಾತಕ್ಕೆ ಸಂಬಂಧವೇ ಇಲ್ಲದ ವಾಹನವನ್ನು ತಂದು ನಿಲ್ಲಿಸಿ, ಸುಳ್ಳು ದೂರು ಬರೆಸಿ ಹಣ ಪಡೆಯುವ ಜಾಲಗಳು ದೇಶದಲ್ಲಿವೆ. ಉತ್ತರ ಪ್ರದೇಶದಲ್ಲಿ ಇಂಥ ಪ್ರಕರಣಗಳ ತನಿಖೆಗೆ ವಿಶೇಷ ತಂಡವನ್ನೇ ರಚಿಸಬೇಕಾಯಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಪತ್ರ ಬರೆಯುವ ಕೂಟಲೇಖ ಕ್ರಿಯೆಯನ್ನೂ ತತ್ತ್ವಾರ್ಥ ಸೂತ್ರ ಸೇರಿಸಿದೆ. ಸುಳ್ಳು ಗಾಯದ ಪತ್ರ, ಸುಳ್ಳು ಬಾಡಿಗೆ ರಸೀದಿ, ಉಬ್ಬಿಸಿದ ಸ್ಟಾಕ್ ಪಟ್ಟಿ ಎಲ್ಲ ಇದರಲ್ಲೇ ಬರುತ್ತವೆ. ಕೊಡುವುದು ಕಂಪನಿ ತಾನೆ ಎಂದು ಇದಕ್ಕೆ ವಿನಾಯಿತಿ ಇಲ್ಲ.

ಸಂಕಟ ಇರುವುದು ಬೇರೆ ಕಡೆ. ಕ್ಲೇಮು ನಿಜ ಎಂದು ಗೊತ್ತಿದ್ದೂ ದಿನಾಂಕ ಮುಂದೂಡಿಸುತ್ತ, ಬಡ ಹೆಣ್ಣುಮಗಳನ್ನು ವರ್ಷಗಟ್ಟಲೆ ಅಲೆಸಿ, ಬೇಸತ್ತು ಕಡಿಮೆ ಮೊತ್ತಕ್ಕೆ ಒಪ್ಪುವಂತೆ ಮಾಡುವುದು ಅನ್ಯಾಯ. ಕೈಯಲ್ಲಿರುವ ದಾಖಲೆ ಬಚ್ಚಿಡುವುದು, ವಿಧವೆಯ ನಡತೆಯ ಬಗ್ಗೆ ಬೇಕಿಲ್ಲದ ಪ್ರಶ್ನೆ ಕೇಳುವುದೂ ಅನ್ಯಾಯವೇ. ವಕೀಲರು ಮೊದಲು ನ್ಯಾಯಾಲಯದ ಅಧಿಕಾರಿ, ಸಾಕ್ಷ್ಯ ಮುಚ್ಚಿಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಹೇಳುತ್ತವೆ. ವ್ಯಾಪಾರದ ದೃಷ್ಟಿಯಿಂದಲೂ ಎಳೆದಾಡುವುದು ನಷ್ಟ. ಪರಿಹಾರದ ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಓಡುತ್ತಿರುತ್ತದೆ.

ನಿಜವಾದ ಕ್ಲೇಮಿಗೆ ಒಳ್ಳೆಯ ದಾರಿ ಲೋಕ ಅದಾಲತ್. ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ, ಹಣ ಬೇಗ ಕೈಸೇರುತ್ತದೆ. ಸಜ್ಜನ ವಿಮಾ ವಕೀಲರು ತಾವೇ ಕಂಪನಿಗೆ ಹೇಳಿ ಇಂಥ ರಾಜಿ ಮಾಡಿಸುತ್ತಾರೆ. ಹಾಗಾಗಿ ನನ್ನ ಉತ್ತರ ಇದು: ಎದುರಿಗೆ ಯಾರಿದ್ದಾರೆ ಎನ್ನುವುದರಿಂದ ಈ ಕೆಲಸ ಕೆಟ್ಟದ್ದಾಗುವುದಿಲ್ಲ. ನಿಜವಾದ ಕ್ಲೇಮನ್ನು ನಿಜ ಎಂದು ಒಪ್ಪುವ ಮನಸ್ಸು ಇಲ್ಲದಿದ್ದರೆ ಕೆಟ್ಟದ್ದಾಗುತ್ತದೆ. ಆ ಮನಸ್ಸು ಇರುವ ಮಕ್ಕಳು ಈ ಕಡೆ ಹೋಗುವುದು ನೊಂದವರಿಗೂ ಒಳ್ಳೆಯದೇ.

ಈ ವೃತ್ತಿಗೆ ಬರುವ ಮಕ್ಕಳಿಗೆ

ಪಿಯುಸಿ ನಂತರ ಐದು ವರ್ಷದ ಕಾನೂನು ಕೋರ್ಸು, ಪದವಿಯ ನಂತರವಾದರೆ ಮೂರು ವರ್ಷದ ಎಲ್‌ಎಲ್‌ಬಿ. ನಮ್ಮ ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆಯಬೇಕು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು.

ಸನ್ನದು ಬಂದ ಕೂಡಲೇ ಪ್ಯಾನೆಲ್ ಸಿಗುವುದಿಲ್ಲ. ಹಿರಿಯರ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಸಾಕ್ಷಿ ವಿಚಾರಣೆ ಕಲಿತು, ಆಮೇಲೆ ಕಂಪನಿಗಳಿಗೆ ಅರ್ಜಿ ಹಾಕಬೇಕು. ಮೊದಲ ವರ್ಷಗಳಲ್ಲಿ ಸಂಪಾದನೆ ಕಡಿಮೆ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ಕೊಡಬೇಕೆಂದು ವಕೀಲರ ಪರಿಷತ್ತು 2024ರಲ್ಲಿ ಸಲಹೆ ಮಾಡಿದೆ. ಸಲಹೆ ಮಾತ್ರ, ಕಡ್ಡಾಯವಲ್ಲ. ಮನೆಯವರು ಕೆಲವು ವರ್ಷ ಬೆನ್ನಿಗೆ ನಿಲ್ಲಲು ಸಿದ್ಧರಿರಬೇಕು.

ಪ್ಯಾನೆಲ್ ಸಿಕ್ಕ ಮೇಲೆ ಶುಲ್ಕ ಕಂಪನಿಯ ದರಪಟ್ಟಿಯಂತೆ, ಕೇಸಿಗೆ ಇಷ್ಟು ಎಂದು ಬರುತ್ತದೆ. ಎಷ್ಟು ದುಡ್ಡು ಉಳಿಸಿದರು ಎಂಬುದರ ಮೇಲೆ ಶುಲ್ಕ ಪಡೆಯುವಂತಿಲ್ಲ. ಇದು ಎರಡೂ ಕಡೆಯ ವಕೀಲರಿಗೆ ಅನ್ವಯಿಸುವ ನಿಯಮ. ನೊಂದವರ ಪರ ವಕೀಲರು "ಬಂದ ಪರಿಹಾರದಲ್ಲಿ ಇಷ್ಟು ಪಾಲು" ಎಂದು ಮಾತಾಡುವುದೂ ನಿಯಮಕ್ಕೆ ವಿರುದ್ಧ. ಮನೆಯವರು ಇದನ್ನು ನೆನಪಿಡಲಿ.

ಸಂಬಳದ ಕೆಲಸ ಬೇಕೆನ್ನುವವರು ಸರ್ಕಾರಿ ವಿಮಾ ಕಂಪನಿಗಳು ಕಾನೂನು ಪದವೀಧರರಿಗೆ ಕರೆಯುವ ಆಡಳಿತಾಧಿಕಾರಿ ಹುದ್ದೆಗಳನ್ನು ಗಮನಿಸಬಹುದು. ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು. ಆದರೆ ಪೂರ್ಣಾವಧಿ ಸಂಬಳದ ನೌಕರರಾದ ಮೇಲೆ ವಕೀಲಿ ಮಾಡುವಂತಿಲ್ಲ.

ವಾಣಿಜ್ಯ ಓದಿದ, ಅಂಗಡಿಯ ಲೆಕ್ಕ ನೋಡಿ ಬೆಳೆದ ಮಕ್ಕಳಿಗೆ ಈ ವೃತ್ತಿ ಚೆನ್ನಾಗಿ ಒಗ್ಗುತ್ತದೆ. ಬ್ಯಾಲೆನ್ಸ್ ಶೀಟು, ರಿಟರ್ನು ಓದಲು ಬರುವವರಿಗೆ ಅರ್ಧ ಕೇಸು ಅರ್ಥವಾದಂತೆ. ಜೊತೆಗೆ ಒಳ್ಳೆಯ ಕನ್ನಡವೂ ಬೇಕು. ತಾಲ್ಲೂಕಿನಲ್ಲಿ ಸಾಕ್ಷಿ ಹೇಳುವ ರೈತನೂ ಪೊಲೀಸರ ಮಹಜರೂ ಕನ್ನಡದಲ್ಲೇ ಮಾತಾಡುತ್ತವೆ.

ಮನೆಯಲ್ಲಿ ಇಂದೇ ಮಾಡಬಹುದಾದದ್ದು

ಓದುಗ ಬಂಧುಗಳೇ, ವಿಮಾ ವಕೀಲರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಫೈಲಿನಲ್ಲಿ ಇಡಬಹುದು. ಎಲ್ಲ ಪಾಲಿಸಿಗಳ ಪ್ರತಿ ಮತ್ತು ಪ್ರೀಮಿಯಂ ರಸೀದಿ, ದುಡಿಯುವವರ ಕನಿಷ್ಠ ಮೂರು ವರ್ಷದ ರಿಟರ್ನು, ಶಾಲೆಯ ಪ್ರಮಾಣಪತ್ರ, ವಾಹನದ ಆರ್‌ಸಿ, ಚಾಲಕನ ಲೈಸೆನ್ಸ್ ಪ್ರತಿ ಅದರಲ್ಲಿರಲಿ. ಅದು ಎಲ್ಲಿದೆ ಎಂದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಯಜಮಾನರಿಗೆ ಮಾತ್ರ ಗೊತ್ತಿರುವ ಕಪಾಟು ಯಜಮಾನರು ಇಲ್ಲದ ದಿನ ಉಪಯೋಗಕ್ಕೆ ಬರುವುದಿಲ್ಲ.

ಅಪಘಾತವಾದರೆ ತಡಮಾಡದೆ ಪೊಲೀಸರಿಗೆ ದೂರು ಕೊಡಿ. ಆಸ್ಪತ್ರೆಯಲ್ಲಿ ಘಟನೆ ಹೇಗಾಯಿತೋ ಹಾಗೆಯೇ ಬರೆಸಿ. ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಪ್ರಥಮ ಅಪಘಾತ ವರದಿ ಕಳಿಸಬೇಕೆಂದು 2022ರಿಂದ ನಿಯಮವಿದೆ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ಮಾತೂ ಈಗ ಕಾಯ್ದೆಯಲ್ಲಿ ಸೇರಿರುವುದರಿಂದ, ತಿಂಗಳ ಮಾಸಿಕ ಮುಗಿಯಲಿ, ವರ್ಷ ತುಂಬಲಿ ಎಂದು ಕಾಯಬೇಡಿ.

ಅಂಗಡಿ, ಆರೋಗ್ಯ, ಜೀವವಿಮೆಯ ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ಕ್ಲೇಮನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ನೋಡುತ್ತಾರೆ. ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ, ಅದಕ್ಕೆ ಎರಡು ವರ್ಷದ ಅವಧಿ.

ಕೋರ್ಟಿನಲ್ಲಿ ಕಂಪನಿಯ ವಕೀಲರು ಪ್ರಶ್ನೆ ಕೇಳಿದಾಗ ಗೊತ್ತಿದ್ದದ್ದನ್ನು ಹೇಳಿ, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಎನ್ನಿ, ಆದಾಯವನ್ನು ಇದ್ದಷ್ಟೇ ಹೇಳಿ. ಒಂದು ಕಡೆ ಹೆಚ್ಚಿಗೆ ಹೇಳಿ ಸಿಕ್ಕಿಬಿದ್ದರೆ ಉಳಿದ ನಿಜವೂ ಸಂಶಯಕ್ಕೆ ಒಳಗಾಗುತ್ತದೆ. ಲೆಕ್ಕ ಸರಿಯಾಗಿಟ್ಟ ಮನೆಗೆ ಆ ಪಾಟಿ ಸವಾಲಿನಿಂದ ಅನುಕೂಲವೇ ಆಗುತ್ತದೆ, ಏಕೆಂದರೆ ಕೇಳಿ ಕೇಳಿ ನಿಜವೆಂದು ತೋರಿದ ಮೊತ್ತವನ್ನು ಮೇಲಿನ ಕೋರ್ಟಿನಲ್ಲಿ ಅಲುಗಾಡಿಸುವುದು ಕಷ್ಟ.